ರಜೆಗೆ ಹೋದ ಮನೆಯ ನಾಯಿ ರಾತ್ರಿ ಬಾಗಿಲು ಪರಚಿದರೆ ತೆರೆಯಬೇಕೆ?

ನಿಮ್ಮ ಪ್ರಶ್ನೆಯನ್ನು ಹೆಂಡತಿಗೆ ತೋರಿಸಿದೆ. "ಇದನ್ನು ನೀವೇ ಬರೆದಿರಾ?" ಎಂದು ಕೇಳಿದಳು. ರಜೆಗೆಂದು ಬಾಡಿಗೆಗೆ ಹಿಡಿದ ಕೋಣೆ, ಗೋಡೆಯಾಚೆ ಮನೆಯವರು, ಬಂದ ಗಳಿಗೆಯಿಂದ ಕಾಲಿಗೆ ಸುತ್ತಿಕೊಳ್ಳುವ ನಾಯಿ, ಅದನ್ನು ಕಣ್ಣೆತ್ತಿಯೂ ನೋಡದ ಯಜಮಾನಿ, ಸುತ್ತಾಡಲು ಹೋದರೂ ನಾಯಿಯ ಬಳಿಯೇ ಉಳಿದುಬಿಡುವ ಮನಸ್ಸು. ಒಂಟಿಯಾಗಿ ಕೊರಗುತ್ತಿರುವ ಆ ಜೀವಕ್ಕೆ ನಾನೇನು ಮಾಡಲಿ, ಮನೆಯವರಿಗೆ ಹೇಗೆ ತಿಳಿಹೇಳಲಿ ಎಂದು ಕೇಳಿದ್ದೀರಿ. ಅದು ಕೊರಗುತ್ತಿದೆ ಎಂದು ನಿಮಗೆ ಹೇಳಿದವರು ಯಾರು? ನನಗೂ ಯಾರೂ ಹೇಳಿರಲಿಲ್ಲ.

ಹೀಗೆಯೇ ರಜೆಗೆ ಹೋದಾಗ ನಮಗೆ ಸಿಕ್ಕಿದ್ದು ಕಂದು ಬಣ್ಣದ ಹೆಣ್ಣುನಾಯಿ. ಬ್ಯಾಗುಗಳನ್ನು ಕೆಳಗಿಡುವ ಮೊದಲೇ ಅದರ ಮುಂಗಾಲುಗಳು ನನ್ನ ತೊಡೆಯ ಮೇಲಿದ್ದವು. ಕುಳಿತರೆ ಮಡಿಲಲ್ಲಿ ಗದ್ದ ಊರುತ್ತಿತ್ತು. ಪುಸ್ತಕ ಹಿಡಿದರೆ ಮೂತಿಯಿಂದ ಅದನ್ನು ಮೇಲಕ್ಕೆ ತಳ್ಳುತ್ತಿತ್ತು. ತಲೆ ಸವರುವುದನ್ನು ನಿಲ್ಲಿಸಿದರೆ ಕೈ ಪರಚಿ ಮುಂದುವರಿಸು ಎನ್ನುತ್ತಿತ್ತು. ಯಜಮಾನಿಯ ರೀತಿಯೇ ಬೇರೆ. ಅಂಗಳದಲ್ಲಿ ಬಟ್ಟೆ ಒಣಹಾಕುವಾಗ ನಾಯಿ ಮೈಮೇಲೆ ಹಾರಿದರೆ ಆಕೆ ಬೆನ್ನು ತಿರುಗಿಸಿ ನಿಂತುಬಿಡುತ್ತಿದ್ದರು. ಬೈಗುಳವಿಲ್ಲ, ಹೊಡೆತವಿಲ್ಲ, ಒಂದು ನೋಟವೂ ಇಲ್ಲ. ಅವರ ಮನೆಯ ಚಿಕ್ಕ ಹುಡುಗ ಕೂಡ ಹಾಗೆಯೇ ಕೈಕಟ್ಟಿ ಆಕಾಶ ನೋಡುತ್ತ ನಿಲ್ಲುತ್ತಿದ್ದ. ಮಗುವಿಗೂ ಕಲ್ಲಿನ ಹೃದಯ ಕಲಿಸಿದ್ದಾರಲ್ಲ ಎಂದು ನಾನು ಹೆಂಡತಿಯ ಬಳಿ ಅಂದೆ. ಸಂಜೆಯಾಗುವ ಹೊತ್ತಿಗೆ ತೀರ್ಪು ಬರೆದಾಗಿತ್ತು: ಈ ಮನೆಗೆ ಈ ನಾಯಿ ಬೇಡವಾಗಿದೆ.

ಆಮೇಲೆ ರಜೆ ಎಂಬುದು ಹೆಸರಿಗಷ್ಟೇ ಉಳಿಯಿತು. ಹೊರಗೆ ಹೋದಲ್ಲೆಲ್ಲ ಈಗ ಅದು ಏನು ಮಾಡುತ್ತಿರಬಹುದು ಎಂಬ ಯೋಚನೆ. ಬೇಗ ಹಿಂತಿರುಗೋಣ ಎಂದು ಅವಸರ. ಬಂದು ನೋಡಿದರೆ ನೆರಳಲ್ಲಿ ಮಲಗಿರುತ್ತಿತ್ತು. ಅದನ್ನೂ ನಾನು ದುಃಖವೆಂದೇ ಓದಿಕೊಂಡೆ. ಬೆಳೆದ ನಾಯಿ ದಿನದಲ್ಲಿ ಅರ್ಧದಷ್ಟು ಹೊತ್ತು ನಿದ್ದೆಯಲ್ಲೇ ಕಳೆಯುತ್ತದೆ ಎಂಬ ಸಾಮಾನ್ಯ ಸಂಗತಿ ಆಗ ನನಗೆ ತಿಳಿದಿರಲಿಲ್ಲ.

ಈಗ ಆ ರಾತ್ರಿಯ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಕೂಡ ಇವತ್ತೋ ನಾಳೆಯೋ ಇದನ್ನೇ ಮಾಡಲಿದ್ದೀರಿ.

ದೀಪ ಆರಿಸಿದ ಮೇಲೆ ನಾಯಿ ನಮ್ಮ ಬಾಗಿಲಿಗೆ ಬಂದಿತು. ಮೊದಲು ಮೂಸಿತು, ಆಮೇಲೆ ಕುಂಯ್‌ಗುಟ್ಟಿತು, ಆಮೇಲೆ ಪರಚಲು ತೊಡಗಿತು. "ಸುಮ್ಮನೆ ಮಲಗಿಕೊಳ್ಳಿ, ಅದಾಗಿಯೇ ಹೋಗುತ್ತದೆ" ಎಂದಳು ಹೆಂಡತಿ. ಮಲಗಿದೆ. ಕುಂಯ್‌ಗುಟ್ಟುವಿಕೆ ಬೊಗಳಾಯಿತು, ಬೊಗಳು ಊಳಾಯಿತು. ತಲೆದಿಂಬಿನಿಂದ ಕಿವಿ ಮುಚ್ಚಿಕೊಂಡೆ. ಬಹಳ ಹೊತ್ತು ತಡೆದುಕೊಂಡೆ. ಕೊನೆಗೆ ಅದರ ದನಿ ಒಡೆದುಹೋದಂತೆ ಕೇಳಿಸಿದಾಗ ಎದ್ದು ಬಾಗಿಲು ತೆರೆದೆ. ಒಳಗೆ ಬಂದದ್ದೇ ಹಾಸಿಗೆಯ ಪಕ್ಕ ಸುರುಳಿ ಸುತ್ತಿಕೊಂಡು ನಿದ್ದೆ ಹೋಯಿತು. ಪುಣ್ಯದ ಕೆಲಸ ಮಾಡಿದೆ ಎಂಬ ನೆಮ್ಮದಿಯಲ್ಲಿ ನಾನೂ ಮಲಗಿದೆ.

ಬಾಗಿಲು ತೆರೆದದ್ದಕ್ಕಿಂತ ದೊಡ್ಡ ತಪ್ಪು, ತೆರೆದ ಹೊತ್ತು. ಮೊದಲ ಕುಂಯ್‌ಗೇ ತೆರೆದಿದ್ದರೆ ಒಂದು ಕುಂಯ್ ಸಾಕು ಎಂದು ಅದು ಕಲಿಯುತ್ತಿತ್ತು. ಅದೂ ಕೆಟ್ಟ ಪಾಠವೇ, ಆದರೆ ಸಣ್ಣದು. ತೆರೆಯದೇ ಇದ್ದಿದ್ದರೆ ಈ ಬಾಗಿಲು ರಾತ್ರಿ ತೆರೆಯುವುದಿಲ್ಲ ಎಂದು ಕಲಿಯುತ್ತಿತ್ತು. ಸತಾಯಿಸಿ, ದನಿ ತಾರಕಕ್ಕೇರುವ ತನಕ ಕಾದು, ಆಮೇಲೆ ತೆರೆದ ನಾನು ಕಲಿಸಿದ್ದು ಬೇರೆಯೇ: ಕುಂಯ್‌ಗುಟ್ಟಿದರೆ ಆಗದು, ಬೊಗಳಿದರೂ ಆಗದು, ಗಂಟಲು ಹರಿಯುವವರೆಗೆ ಊಳಿಟ್ಟರೆ ಆಗುತ್ತದೆ. ಗಮನಕ್ಕಾಗಿ ಮಾಡುವ ಯಾವುದೇ ಚೇಷ್ಟೆಗೆ ಪ್ರತಿಫಲ ನಿಂತಾಗ, ಆ ಚೇಷ್ಟೆ ಅಳಿಯುವ ಮುನ್ನ ಅನೇಕ ವೇಳೆ ಒಮ್ಮೆ ಭುಗಿಲೇಳುತ್ತದೆ. ನೋಡುವವರಿಗೆ ಅದು ನರಳಿಕೆಯ ಹಾಗೆಯೇ ಕಾಣುತ್ತದೆ. ಕರುಣೆಯುಳ್ಳವರು ಸೋಲುವುದು ಸರಿಯಾಗಿ ಆ ಕ್ಷಣಕ್ಕೇ.

ಇನ್ನೂ ಒಂದಿದೆ. ಮರುದಿನ ಹೆಂಡತಿಯ ಮಾತಿಗೆ ತೆರೆಯಲಿಲ್ಲ, ಅದರ ಮುಂದಿನ ರಾತ್ರಿ ಮತ್ತೆ ತೆರೆದೆ. ಒಮ್ಮೆ ಉಂಟು, ಒಮ್ಮೆ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲಿ ಇಲಿ, ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡುಬಂದದ್ದು ಇದೇ: ಪ್ರತಿ ಸಲವೂ ಸಿಗುವ ಪ್ರತಿಫಲ ನಿಂತರೆ ಪ್ರಾಣಿ ಬೇಗ ಕೈಬಿಡುತ್ತದೆ, ಯಾವಾಗ ಸಿಗುತ್ತದೋ ಗೊತ್ತಿಲ್ಲದ ಪ್ರತಿಫಲಕ್ಕಾಗಿ ಮಾತ್ರ ಬಿಡದೆ ಯತ್ನಿಸುತ್ತಲೇ ಇರುತ್ತದೆ. ಲಾಟರಿ ಟಿಕೆಟ್ ಕೊಳ್ಳುವ ಮನುಷ್ಯನನ್ನು ಹಿಡಿದಿಡುವುದೂ ಅದೇ. ಪ್ರಯೋಗಾಲಯದಲ್ಲಿ ಯೋಜನೆ ಹಾಕಿ ಮಾಡಬೇಕಾದದ್ದನ್ನು ನಾನು ನಿದ್ದೆಗಣ್ಣಿನಲ್ಲಿ, ಬರಿಗಾಲಲ್ಲಿ ಮಾಡಿ ಮುಗಿಸಿದ್ದೆ.

ಬೆಳಿಗ್ಗೆ ಯಜಮಾನಿ ಬಂದು, "ರಾತ್ರಿ ಬಾಗಿಲು ತೆರೆದಿರಾ?" ಎಂದು ಕೇಳಿದರು.

"ಪಾಪ, ತುಂಬ ಅಳುತ್ತಿತ್ತು" ಎಂದೆ. ನನ್ನ ದನಿಯಲ್ಲಿ ಆಕ್ಷೇಪವಿತ್ತು, ಬಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ.

"ನೀವು ಈ ಮನೆಗೆ ಬರುವ ಹೊತ್ತಿಗೆ ಅಳುವುದನ್ನು ನಿಲ್ಲಿಸಿತ್ತು" ಎಂದರು.

ನಮಗಿಂತ ಮೊದಲು ಬಂದ ಅತಿಥಿಗಳೆಲ್ಲ ಮುದ್ದಿಸಿ, ತಟ್ಟೆಯಿಂದ ತಿನ್ನಿಸಿ ಹೋಗುತ್ತಿದ್ದರಂತೆ. ಅವರು ಹೋದ ಮೇಲೆ ಅದೇ ಉಪಚಾರಕ್ಕಾಗಿ ನಾಯಿ ಕಂಡಕಂಡವರ ಮೇಲೆ ಹಾರುತ್ತಿತ್ತು. ಒಮ್ಮೆ ವಯಸ್ಸಾದವರೊಬ್ಬರನ್ನು ಕೆಡವಿಹಾಕಿತ್ತು. ಹಾರಿದರೆ, ಕುಂಯ್‌ಗುಟ್ಟಿದರೆ ಮನೆಯವರು ಯಾರೂ ನೋಡಬಾರದು, ಮುಟ್ಟಬಾರದು, ಗದರಲೂ ಬಾರದು, ನಾಲ್ಕು ಕಾಲೂ ನೆಲದ ಮೇಲಿಟ್ಟು ಸುಮ್ಮನಿದ್ದಾಗ ಮಾತ್ರ ಹತ್ತಿರ ಕರೆದು ಮಾತನಾಡಿಸಬೇಕು ಎಂದು ತರಬೇತುದಾರರು ಹೇಳಿಕೊಟ್ಟಿದ್ದರು. ಹುಡುಗ ಆಕಾಶ ನೋಡುತ್ತಿದ್ದದ್ದು ಆ ಪಾಠ. ನಾನು ನಿರ್ಲಕ್ಷ್ಯವೆಂದು ತೀರ್ಮಾನಿಸಿದ್ದು ಆ ಇಡೀ ಮನೆ ಹಲ್ಲು ಕಚ್ಚಿ ನಡೆಸುತ್ತಿದ್ದ ಶಿಕ್ಷಣ. ನಾಯಿಯನ್ನು ಅವರು ಮುದ್ದಿಸುತ್ತಿದ್ದ ಹೊತ್ತಿನಲ್ಲಿ ನಾನು ಹೊರಗೆ ಸುತ್ತಾಡುತ್ತ, ಅದಕ್ಕೆ ಯಾರೂ ಇಲ್ಲ ಎಂದು ಮರುಗುತ್ತಿದ್ದೆ.

ಉಳಿದ ರಾತ್ರಿಗಳ ವರ್ಣನೆ ಬೇಡ. ನಿದ್ದೆ ಹೋಯಿತು, ಬಾಗಿಲಿನ ಬಣ್ಣ ಹೋಯಿತು, ಬಣ್ಣದ ಖರ್ಚನ್ನು ಕೊಟ್ಟೆವು, ನೋಡಬೇಕೆಂದುಕೊಂಡ ಜಾಗಗಳಲ್ಲಿ ಮುಕ್ಕಾಲು ಪಾಲು ನೋಡಲಿಲ್ಲ, ಗೊತ್ತುಮಾಡಿದ ದಿನಕ್ಕಿಂತ ಮೊದಲೇ ಹೊರಟೆವು. ದಾರಿಯುದ್ದಕ್ಕೂ ಹೆಂಡತಿ ಮಾತನಾಡಲಿಲ್ಲ. ಆ ಮನೆಯವರು ಪಾಠವನ್ನು ಮೊದಲಿನಿಂದ ಶುರುಮಾಡಬೇಕಾಯಿತು, ಈ ಸಲ ಹೆಚ್ಚು ಹಟಮಾರಿಯಾದ ವಿದ್ಯಾರ್ಥಿಯೊಂದಿಗೆ.

ಈಗ ನಿಮ್ಮ ಮಾತಿಗೆ ಬರುತ್ತೇನೆ. "ಅದರ ಕಣ್ಣುಗಳಲ್ಲಿ ದುಃಖ ಕಾಣುತ್ತದೆ" ಎಂದು ಬರೆದಿದ್ದೀರಿ. ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಹಾಗಿಲ್ಲ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮನುಷ್ಯರು ತಮ್ಮ ಕಡೆ ಮುಖಮಾಡಿರುವಾಗ ನಾಯಿಗಳು ಮುಖಚರ್ಯೆಯನ್ನು ಹೆಚ್ಚು ಬದಲಿಸುತ್ತವೆ ಎಂಬುದು 2017ರ ಇನ್ನೊಂದು ಅಧ್ಯಯನದಲ್ಲಿ ಕಂಡುಬಂದಿತ್ತು. ನಾಯಿ ನಟಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಹುಬ್ಬು ಏರಿದ ಮಾತ್ರಕ್ಕೆ ಎದೆಯಲ್ಲಿ ನೋವಿದೆ ಎಂದು ಓದಲಾಗದು, ಅಷ್ಟೆ. ಗಮನ ಬೇಡುವುದು ನಾಯಿಯ ಸಹಜ ಗುಣ. ಹೊಸಬರು ಬೇಗ ಕರಗುತ್ತಾರೆ ಎಂದು ಕಲಿತಿದ್ದರೆ ಹೊಸಬರ ಬಳಿ ಹೆಚ್ಚು ಬೇಡುತ್ತದೆ.

ಹಾಗೆಂದು ಎಲ್ಲ ಮನೆಗಳೂ ನಾನು ಕಂಡ ಮನೆಯಂತಿರುವುದಿಲ್ಲ. ಕಣ್ಣಿಗಿಂತ ಮೈ ನೋಡಿ. ಪಕ್ಕೆಲುಬು, ಸೊಂಟದ ಮೂಳೆ ಎದ್ದು ಕಾಣುತ್ತಿವೆಯೇ? ಕೂದಲು ಗಂಟುಗಟ್ಟಿದೆಯೇ, ಉಗುರು ಬಾಗಿ ಬೆಳೆದಿವೆಯೇ, ಕತ್ತಿನ ಪಟ್ಟಿಯಡಿ ಗಾಯವಿದೆಯೇ? ಕುಡಿಯಲು ನೀರು, ಮಲಗಲು ನೆರಳು ಇವೆಯೇ? ಮನೆಯವರು ಕೈ ಎತ್ತಿದರೆ ಬಾಲ ಒಳಗೆಳೆದುಕೊಂಡು ಕುಗ್ಗುತ್ತದೆಯೇ? ಇವು ಇದ್ದರೆ ನಿಮ್ಮ ಚಿಂತೆ ನ್ಯಾಯವಾದದ್ದು. ಮೊದಲು ಮನೆಯವರೊಂದಿಗೆ ಮಾತನಾಡಿ, ಉಪಯೋಗವಾಗದಿದ್ದರೆ ಅಲ್ಲಿನ ಪ್ರಾಣಿದಯಾ ಸಂಘಕ್ಕೆ ತಿಳಿಸಿ. ಇನ್ನೊಂದು ಬಗೆಯ ನಾಯಿಯೂ ಉಂಟು: ಒಂಟಿಯಾಗಿ ಬಿಟ್ಟೊಡನೆ ಜೊಲ್ಲು ಸುರಿಸುತ್ತ, ಏದುಸಿರು ಬಿಡುತ್ತ, ಇದ್ದಲ್ಲೇ ಉಚ್ಚೆ ಮಾಡಿಕೊಂಡು ಬಾಗಿಲನ್ನು ಕಡಿಯುವಂಥದ್ದು. ಅದು ನಿಜವಾದ ದಿಗಿಲು. ಕಡೆಗಣಿಸಿದರೆ ಅದು ವಾಸಿಯಾಗುವುದಿಲ್ಲ, ಪಶುವೈದ್ಯರೇ ನೋಡಬೇಕು. ಆದರೆ ನೀವು ವಿವರಿಸಿರುವ ನಾಯಿ ಮೈತುಂಬಿಕೊಂಡಿದೆ, ಚೆನ್ನಾಗಿ ತಿನ್ನುತ್ತದೆ, ನೀವು ಕಣ್ಮರೆಯಾದೊಡನೆ ಹೋಗಿ ಮಲಗುತ್ತದೆ.

ತಿನ್ನಿಸಬೇಡಿ, ಗುಟ್ಟಾಗಿಯಂತೂ ಬೇಡವೇ ಬೇಡ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಸಕ್ಕರೆಯ ಬದಲಿಗೆ ಕೆಲವು ಚ್ಯೂಯಿಂಗ್ ಗಮ್‌ಗಳಲ್ಲಿ ಬಳಸುವ ಕ್ಸೈಲಿಟಾಲ್ ಇವೆಲ್ಲ ನಾಯಿಗೆ ವಿಷ. ಇವನ್ನು ಬಿಟ್ಟರೂ, ಅಲರ್ಜಿ ಪತ್ತೆಗಾಗಿ ವಾರಗಟ್ಟಲೆ ಒಂದೇ ಆಹಾರದ ಪಥ್ಯದಲ್ಲಿರುವ ನಾಯಿಗಳಿರುತ್ತವೆ. ನಿಮ್ಮ ಒಂದು ಬಿಸ್ಕತ್ತು ಆ ವಾರಗಳನ್ನೆಲ್ಲ ನೀರಿಗೆ ಹಾಕೀತು.

ಮನೆಯವರಿಗೆ ಹೇಗೆ ತಿಳಿಹೇಳಲಿ ಎಂದಿರಲ್ಲ, ತಿಳಿಹೇಳಬೇಡಿ. ಕೇಳಿ. "ಇದು ಯಾಕೆ ಇಷ್ಟು ಅಳುತ್ತದೆ?" ಎಂದು ಕೇಳಿದರೆ ಅದು ದೂರು ಹೇಳಿದಂತಾಗುತ್ತದೆ. "ಇದು ನಮ್ಮ ಬಳಿ ಬಂದಾಗ ನಾವು ಹೇಗೆ ನಡೆದುಕೊಳ್ಳಬೇಕೆಂದು ನಿಮಗೆ ಇಷ್ಟ?" ಎಂದು ಕೇಳಿ. ಆಟವಾಡಿಸಲು ಆಸೆಯಿದ್ದರೆ ಅವರ ಒಪ್ಪಿಗೆ ಪಡೆದು, ದಿನಕ್ಕೊಂದು ನಿಗದಿತ ಹೊತ್ತಿನಲ್ಲಿ, ಅದು ಸುಮ್ಮನೆ ಕುಳಿತಿರುವಾಗ ನೀವೇ ಕರೆದು ಆಡಿಸಿ. ಅದಾಗಿಯೇ ಬಂದು ಪರಚಿದರೆ ಎದ್ದು ನಡೆದುಬಿಡಿ. ತಳ್ಳಬೇಡಿ, "ಹೋಗು" ಎನ್ನಬೇಡಿ; ಅದರ ಲೆಕ್ಕದಲ್ಲಿ ಬೈಗುಳವೂ ಮಾತೇ, ತಳ್ಳುವುದೂ ಆಟವೇ. ನಿಮ್ಮ ಜೊತೆ ಬಂದವರೆಲ್ಲರೂ ಹೀಗೆಯೇ ಇರಬೇಕು. ಒಬ್ಬರು ಕದ್ದು ಮುದ್ದಿಸಿದರೂ ಕೆಲಸ ಕೆಟ್ಟಿತು.

ಈಗಾಗಲೇ ಒಮ್ಮೆ ಬಾಗಿಲು ತೆರೆದಿದ್ದರೆ ಅದನ್ನು ಇವತ್ತೇ ಮನೆಯವರಿಗೆ ಹೇಳಿಬಿಡಿ. ರಾತ್ರಿ ನಾಯಿಯನ್ನು ತಮ್ಮ ಕಡೆಯೇ ಇರಿಸಿಕೊಳ್ಳಲು ಸಾಧ್ಯವೇ ಎಂದು ಕೇಳಿ, ಇಲ್ಲವೆಂದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಆ ಮನೆಯ ಬಗ್ಗೆ ಕಟುವಾದ ವಿಮರ್ಶೆ ಬರೆಯುವ ಯೋಚನೆ ಇದೆ ಎಂದಿದ್ದೀರಿ. ಯಜಮಾನಿಯ ಉತ್ತರ ಕೇಳುವವರೆಗೆ ಬರೆಯಬೇಡಿ.