ಓದುಗರ ಪ್ರಶ್ನೆ: ಜಾನ್ ವಿಲ್ಸನ್ ಮತ್ತು ನದಿ ಕುರುಡು

ಪ್ರಶ್ನೆ: ಅಂಧರ ಸೇವೆಗೆ ಬದುಕು ಮುಡಿಪಿಟ್ಟ ಸರ್ ಜಾನ್ ವಿಲ್ಸನ್ ತಾವೂ ಅಂಧರೇ ಆಗಿದ್ದರಂತೆ. ಅವರು ಮಾಡಿದ ಕೆಲಸವೇನು? (ಓದುಗರು, ಶಿರಸಿ)

ಉತ್ತರ: ಹೌದು. ಇಂಗ್ಲೆಂಡಿನ ಸ್ಕಾರ್ಬರೋ ಊರಿನಲ್ಲಿ 1931ರಲ್ಲಿ ಶಾಲೆಯ ರಸಾಯನಶಾಸ್ತ್ರ ಪ್ರಯೋಗದ ವೇಳೆ ಸ್ಫೋಟವಾಗಿ, 12 ವರ್ಷದ ಹುಡುಗನ ಕಣ್ಣುಗಳು ಹೋದವು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದಿ ಅಂಧರ ಸಂಸ್ಥೆಯೊಂದಕ್ಕೆ ಸೇರಿದರು. 1946ರಲ್ಲಿ ಆಫ್ರಿಕಾ, ಮಧ್ಯಪ್ರಾಚ್ಯ ಸುತ್ತಿ ಬಂದಾಗ ಅವರಿಗೆ ಮನದಟ್ಟಾದ ಸಂಗತಿ ಒಂದೇ: ಅಲ್ಲಿನ ಅಂಧತ್ವದಲ್ಲಿ ಬಹುಪಾಲು ಬರದಂತೆ ತಡೆಯಬಹುದಾದದ್ದು, ಇಲ್ಲವೇ ವಾಸಿಯಾಗುವಂಥದ್ದು. ಹಾಗಾಗಿ 1950ರಲ್ಲಿ ಅವರು ಕಟ್ಟಿದ ಸಂಸ್ಥೆ (ಇಂದಿನ ಸೈಟ್‌ಸೇವರ್ಸ್) ಅಂಧರ ಶಿಕ್ಷಣದ ಜೊತೆಗೆ, ಕಣ್ಣು ಹೋಗುವ ಕಾರಣವನ್ನೇ ಬೆನ್ನಟ್ಟಿತು. ಭಾರತದಲ್ಲಿ ಅದು 1966ರಿಂದ ಕೆಲಸ ಮಾಡುತ್ತಿದೆ. ವಿಲ್ಸನ್ 1999ರಲ್ಲಿ ತೀರಿಕೊಂಡರು.

ಅವರ ಪತ್ನಿ ಜೀನ್ ಅವರನ್ನು ಮರೆಯಬಾರದು. ಉತ್ತರ ಘಾನಾದ ನಕಾಂಗ್ ಎಂಬ ಹಳ್ಳಿಗೆ ದಂಪತಿ ಹೋದಾಗ ಅಲ್ಲಿ ಮನೆಮನೆಯಲ್ಲೂ ಕುರುಡು. ರೋಗದ ಹೆಸರು ಆಂಕೊಸೆರ್ಸಿಯಾಸಿಸ್. ನಾಲಿಗೆ ಹೊರಳದ ಈ ಹೆಸರು ಹೇಳಿ ದೇಣಿಗೆ ಕೇಳಿದರೆ ಯಾರು ಕೊಟ್ಟಾರು? ‘ನದಿ ಕುರುಡು’ ಎನ್ನೋಣ ಎಂದವರು ಜೀನ್. ಇವತ್ತು ಲೋಕವೆಲ್ಲ ಬಳಸುವುದು ಆ ಹೆಸರನ್ನೇ.

ಪ್ರಶ್ನೆ: ನಾವು ತುಂಗಭದ್ರೆಯ ದಡದವರು. ನದಿ ಕುರುಡು ನೀರಿನಿಂದ ಬರುತ್ತದೆಯೇ? ಔಷಧಿ ಇದೆಯೇ? (ಓದುಗರು, ಹರಿಹರ)

ಉತ್ತರ: ನೀರು ಕುಡಿದರೆ, ಮಿಂದರೆ ಬರುವುದಿಲ್ಲ. ಇದು ಮುಖ್ಯವಾಗಿ ಆಫ್ರಿಕಾದ ರೋಗ, ನೀವು ಹೆದರಬೇಕಿಲ್ಲ. ರಭಸದಿಂದ ಹರಿಯುವ ನೀರಿನಲ್ಲಿ ಮರಿಮಾಡುವ ಸಣ್ಣ ಕಪ್ಪು ನೊಣ ಕಚ್ಚಿದಾಗ ಹುಳುವಿನ ಮರಿ ಮೈಗೆ ಸೇರುತ್ತದೆ. ಬೆಳೆದ ಹೆಣ್ಣುಹುಳು ಚರ್ಮದಡಿಯ ಗಂಟಿನಲ್ಲಿ 10ರಿಂದ 15 ವರ್ಷ ಬದುಕಿ ಲಕ್ಷಗಟ್ಟಲೆ ಸೂಕ್ಷ್ಮ ಮರಿ ಹಾಕುತ್ತದೆ. ಅವು ಚರ್ಮದಲ್ಲಿ ಸತ್ತರೆ ತಡೆಯಲಾರದ ತುರಿಕೆ. ಕಣ್ಣಿಗೆ ಹೋಗಿ ಸತ್ತರೆ ಉರಿಯೂತವಾಗಿ, ವರ್ಷಗಳ ಮೇಲೆ ದೃಷ್ಟಿ ಹೋಗುತ್ತದೆ. ಕೋಲಿನ ಒಂದು ತುದಿ ಕಣ್ಣಿಲ್ಲದ ಅಜ್ಜನ ಕೈಯಲ್ಲಿ, ಇನ್ನೊಂದು ತುದಿ ಮೊಮ್ಮಗನ ಕೈಯಲ್ಲಿ. ದಾರಿ ತೋರಿಸುವ ಆ ಮಗುವಿಗೆ ಶಾಲೆಯೂ ತಪ್ಪುತ್ತದೆ.

1974ರಿಂದ ಪಶ್ಚಿಮ ಆಫ್ರಿಕಾದ ನದಿಗಳಿಗೆ ಹೆಲಿಕಾಪ್ಟರಿನಿಂದ ನೊಣದ ಮರಿ ಕೊಲ್ಲುವ ಔಷಧಿ ಹಾಕಿದರು. 1987ರಲ್ಲಿ ಮರ್ಕ್ ಕಂಪನಿ ಐವರ್ಮೆಕ್ಟಿನ್ ಮಾತ್ರೆಯನ್ನು ಪುಕ್ಕಟೆಯಾಗಿ ಕೊಡಲು ಒಪ್ಪಿತು. ಹಳ್ಳಿಯಲ್ಲಿ ತೂಕದ ಯಂತ್ರ ಹೊತ್ತು ತಿರುಗಲಾಗದು. ಅದಕ್ಕೆ ಗುರುತು ಹಾಕಿದ ಅಳತೆಕೋಲು ನಿಲ್ಲಿಸುತ್ತಾರೆ: ಎತ್ತರ 90ರಿಂದ 119 ಸೆಂ.ಮೀ. ಇದ್ದರೆ 3 ಮಿ.ಗ್ರಾಂ.ನ ಒಂದು ಮಾತ್ರೆ, 140ರವರೆಗೆ ಎರಡು, 158ರವರೆಗೆ ಮೂರು, ಅದಕ್ಕೂ ಮೇಲೆ ನಾಲ್ಕು. 90ಕ್ಕಿಂತ ಗಿಡ್ಡ ಮಕ್ಕಳಿಗೆ, ಗರ್ಭಿಣಿಯರಿಗೆ ಇಲ್ಲ.

ಕೆಲಸ ಕೆಡುವುದು ಎಲ್ಲಿ ಗೊತ್ತೇ? ಮಾತ್ರೆ ಸೂಕ್ಷ್ಮ ಮರಿಗಳನ್ನು ಕೊಲ್ಲುತ್ತದೆ, ತಾಯಿಹುಳುವನ್ನಲ್ಲ. ತುರಿಕೆ ನಿಂತಿತೆಂದು ಎರಡು ವರ್ಷಕ್ಕೇ ಬಿಟ್ಟರೆ ಮರಿಗಳು ಮತ್ತೆ ತುಂಬುತ್ತವೆ. ತಾಯಿಹುಳು ಮುದಿಯಾಗಿ ಸಾಯುವವರೆಗೆ, ಅಂದರೆ 10–15 ವರ್ಷ, ವರ್ಷಕ್ಕೊಮ್ಮೆಯಾದರೂ ಇಡೀ ಊರು ನುಂಗಬೇಕು. ಮಧ್ಯ ಆಫ್ರಿಕಾದಲ್ಲಿ ಲೋವಾ ಲೋವಾ ಎಂಬ ಇನ್ನೊಂದು ಹುಳು ಮೈಯಲ್ಲಿ ಹೆಚ್ಚಿದ್ದವರಿಗೆ ಇದೇ ಮಾತ್ರೆಯಿಂದ ಮಿದುಳಿಗೆ ಅಪಾಯವಾಗಬಹುದು. ಇಷ್ಟೆಲ್ಲ ತೊಡಕಿದ್ದೂ ಕೊಲಂಬಿಯಾ 2013ರಲ್ಲಿ, ನೈಜರ್ 2025ರಲ್ಲಿ ಈ ರೋಗದಿಂದ ಮುಕ್ತವಾದವು.

ಪ್ರಶ್ನೆ: ಮಕ್ಕಳ ಕಣ್ಣು ಉಳಿಸಲು ನಮ್ಮ ಮನೆಯವರು ಮಾಡಬಹುದಾದದ್ದು ಏನಾದರೂ ಇದೆಯೇ? (ಓದುಗರು, ಸಿಂಧನೂರು)

ಉತ್ತರ: ವಿಟಮಿನ್ ಎ ತಪ್ಪಿಸಬೇಡಿ. 9 ತಿಂಗಳಿಗೆ ದಡಾರದ ಲಸಿಕೆ ಜೊತೆ 1 ಮಿ.ಲೀ., ಒಂದೂವರೆ ವರ್ಷದ ಹೊತ್ತಿಗೆ 2 ಮಿ.ಲೀ., ಆಮೇಲೆ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಮಿ.ಲೀ.; ಒಟ್ಟು 9 ಸಲ. ಮೊದಲ ಎರಡು ಸಲ ಲಸಿಕೆ ನೆಪದಲ್ಲಿ ಆಗಿಬಿಡುತ್ತದೆ, ತಪ್ಪುವುದು ಅದರ ನಂತರ. ತಾಯಿ ಕಾರ್ಡಿನಲ್ಲಿ ತಾರೀಖು ಬರೆಸಿಕೊಳ್ಳಿ. ಸಂಜೆಗತ್ತಲಲ್ಲಿ ಮಗು ಎಡವುತ್ತಿದ್ದರೆ, ಕಣ್ಣಿನ ಬಿಳಿಭಾಗದಲ್ಲಿ ನೊರೆಯಂಥ ಕಲೆ ಕಂಡರೆ ಮುಂದಿನ ಸರದಿಗೆ ಕಾಯದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ನುಗ್ಗೆಸೊಪ್ಪು, ಪಪ್ಪಾಯಿ, ಕ್ಯಾರೆಟ್ ದಿನದ ಊಟದಲ್ಲಿರಲಿ. ಜೊತೆಗೆ ಚೂರು ಎಣ್ಣೆಯೋ ತುಪ್ಪವೋ ಇದ್ದರೇ ಅದರ ಸತ್ವ ಮೈಗೆ ಹತ್ತುವುದು.