ಗೌರಿ ಹೂವಿನ ಗೆಡ್ಡೆ ಮೊಳೆಯುತ್ತಿಲ್ಲ ಅಂದ ಅಕ್ಕನಿಗೆ ಉತ್ತರ

ಅಕ್ಕಾ, ನಿಮ್ಮ ಪೋಸ್ಟ್ ಓದಿದೆ. ಆನ್‌ಲೈನಲ್ಲಿ ಗೌರಿ ಹೂವಿನ, ಅಂದರೆ ಗ್ಲೋರಿಯೋಸಾದ, ನಾಲ್ಕು ಗೆಡ್ಡೆ ತರಿಸಿ ಫೆಬ್ರವರಿಯಲ್ಲಿ ಕುಂಡಕ್ಕೆ ಹಾಕಿ ದಿನಾ ನೀರು ಕೊಟ್ಟಿದ್ದೀರಿ, ಮೇ ಮುಗಿಯುತ್ತಾ ಬಂದರೂ ಮೂರು ಮೊಳೆತಿಲ್ಲ. ಮೊಳೆತ ಒಂದನ್ನು ದೊಡ್ಡ ಕುಂಡಕ್ಕೆ ಬದಲಿಸುವಾಗ ಕುಡಿ ಮುರಿಯಿತು. ಪಕ್ಕದ ಮನೆಯ ಬಳ್ಳಿ ಹೋದ ವರ್ಷ ತುಂಬ ಹೂ ಬಿಟ್ಟರೂ ಕಾಯಿ ಕಟ್ಟಲಿಲ್ಲ. ಜಿಂಬಾಬ್ವೆಯ ಹರಾರೆಯಲ್ಲಿರುವ ತಮ್ಮ ಅಲ್ಲಿಂದ ಗೆಡ್ಡೆ ತರುತ್ತೇನೆ ಅನ್ನುತ್ತಿದ್ದಾರೆ, ಚೆನ್ನಾಗಿ ಬಂದರೆ ಅರ್ಧ ಎಕರೆಗೆ ಹಾಕುವ ಯೋಚನೆಯೂ ಇದೆ. ಇಷ್ಟೇ ಅಲ್ಲವೇ? ಇವೆಲ್ಲಕ್ಕೂ ಮೂಲ ಒಂದೇ: ಈ ಬಳ್ಳಿಯ ವರ್ಷದ ಲೆಕ್ಕ ಗೆಡ್ಡೆಯೊಳಗಿದೆ, ನಮ್ಮ ನೀರಿನ ಕ್ಯಾನಿನಲ್ಲಿಲ್ಲ.

ಮೊದಲು ಗಿಡದ ಪರಿಚಯ. ಉಷ್ಣವಲಯದ ಆಫ್ರಿಕಾದ ತುಂಬ ಹರಡಿರುವ ಬಳ್ಳಿ ಇದು, ಜಿಂಬಾಬ್ವೆಯ ರಾಷ್ಟ್ರೀಯ ಹೂ. ನಮ್ಮಲ್ಲೂ ಕಾಡಂಚಿನಲ್ಲಿ, ಬೇಲಿಯಲ್ಲಿ ತಾನಾಗಿ ಬೆಳೆಯುತ್ತದೆ. ಗೌರಿ ಹಬ್ಬದ ಹೊತ್ತಿಗೆ ಅರಳುವುದರಿಂದ ಗೌರಿ ಹೂ, ಬೆಂಕಿಯಂತೆ ಕಾಣುವುದರಿಂದ ಅಗ್ನಿಶಿಖೆ. ತಮಿಳುನಾಡಿನವರು ಸೆಂಗಾಂದಳ್ ಎಂದು ಕರೆದು ರಾಜ್ಯದ ಹೂವಾಗಿಸಿಕೊಂಡಿದ್ದಾರೆ. ನಿಮ್ಮ ಪ್ಯಾಕೆಟ್ಟಿನ ಮೇಲಿರುವ 'ರಾತ್ಸ್‌ಚೈಲ್ಡಿಯಾನಾ' ಆಫ್ರಿಕಾ ಮೂಲದ ತಳಿ: ದಳ ಅಗಲ, ಕಡುಗೆಂಪು, ಅಂಚಿನಲ್ಲಿ ಹಳದಿ ಗೆರೆ. ಬೇರೆ ಜಾತಿ ಅನ್ನಿಸಿದರೂ ಈಗ ಅದನ್ನೂ ಗ್ಲೋರಿಯೋಸಾ ಸುಪರ್ಬಾ ಒಳಗೇ ಸೇರಿಸುತ್ತಾರೆ. ಆರೈಕೆ ಎರಡಕ್ಕೂ ಒಂದೇ.

ಈಗ ಗೆಡ್ಡೆ. ಕೈಗೆ ತೆಗೆದುಕೊಂಡು ನೋಡಿ, ಇಂಗ್ಲಿಷಿನ ವಿ ಅಕ್ಷರದಂತೆ ಅಥವಾ ನೇಗಿಲ ಗುಳದಂತೆ ಬಾಗಿರುತ್ತದೆ. ಸಂಸ್ಕೃತದಲ್ಲಿ ಲಾಂಗಲಿ ಅನ್ನುವುದು ಅದಕ್ಕೇ, ಲಾಂಗಲ ಅಂದರೆ ನೇಗಿಲು. ಆಲೂಗೆಡ್ಡೆಗೆ ಮೈತುಂಬ ಕಣ್ಣು. ಇದಕ್ಕೆ ಒಂದೊಂದು ತೋಳಿನ ತುದಿಯಲ್ಲಿ ಒಂದೇ ಕಣ್ಣು. ಆ ತುದಿ ಚಿವುಟಿ ಹೋದರೆ ಉಳಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ದಂಡ. ಕೊರಿಯರಿನಲ್ಲಿ ಬರುವ ಗೆಡ್ಡೆಗಳಲ್ಲಿ ಹಾಳಾಗುವುದು ಬಹುಪಾಲು ಇಲ್ಲೇ, ಹಾಗಾಗಿ ಪೊಟ್ಟಣ ಬಿಚ್ಚಿದ ಕೂಡಲೇ ಎರಡೂ ತುದಿ ನೋಡಿ. ಬಾಗಿದ ಮೂಲೆಯಲ್ಲಿ ಎರಡು ತುಂಡಾಗಿದ್ದರೆ ಚಿಂತೆಯಿಲ್ಲ, ತುದಿ ಸರಿಯಿದ್ದರೆ ಪ್ರತಿ ತುಂಡೂ ಒಂದು ಗಿಡ. ಮುರಿದ ಗಾಯಕ್ಕೆ ಬೂದಿ ಅಥವಾ ಶಿಲೀಂಧ್ರನಾಶಕದ ಪುಡಿ ಹಚ್ಚಿ ನೆರಳಲ್ಲಿ ಎರಡು ದಿನ ಒಣಗಿಸಿ.

ಪ್ರತಿ ವರ್ಷ ನೆಟ್ಟ ಗೆಡ್ಡೆ ತನ್ನಲ್ಲಿದ್ದುದನ್ನೆಲ್ಲ ಬಳ್ಳಿಗೆ ಕೊಟ್ಟು ಸುಕ್ಕಾಗಿ ಸಾಯುತ್ತದೆ. ಬಳ್ಳಿ ಬೆಳೆಯುತ್ತಾ ಬುಡದಲ್ಲಿ ಹೊಸ ಜೋಡಿ ಗೆಡ್ಡೆ ಕಟ್ಟುತ್ತದೆ. ಹೂ ಮುಗಿದು ಎಲೆ ಹಳದಿಯಾದ ಮೇಲೆ ಆ ಜೋಡಿ ಕೆಲವು ತಿಂಗಳು ನಿದ್ದೆ ಹೋಗುತ್ತದೆ. ನಮ್ಮಲ್ಲಿ ಆ ನಿದ್ದೆ ಹೆಚ್ಚುಕಡಿಮೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ನೀವು ಫೆಬ್ರವರಿಯಲ್ಲಿ ನೆಟ್ಟು ನೀರು ಕೊಟ್ಟಿರಿ, ಅಂದರೆ ಮಲಗಿದವರ ಹಾಸಿಗೆ ಒದ್ದೆ ಮಾಡಿದ ಹಾಗಾಯಿತು. ಎಲೆ ಬೇರು ಎರಡೂ ಇಲ್ಲದಾಗ ಆ ನೀರನ್ನು ಹೀರುವವರಿಲ್ಲ, ಕೊನೆಗೆ ಕೊಳೆರೋಗ ಬರುತ್ತದೆ.

ಆ ಮೂರು ಕುಂಡದ ಮಣ್ಣನ್ನು ಬೆರಳಲ್ಲೇ ಕೆದಕಿ, ಕುರ್ಪಿ ಹಾಕಬೇಡಿ. ಗೆಡ್ಡೆ ಒತ್ತಿದರೆ ಗಟ್ಟಿಯಿದ್ದು ತುದಿಯಲ್ಲಿ ಬಿಳಿ ಮೊನೆ ಕಂಡರೆ ಹಾಗೇ ಮುಚ್ಚಿ, ಮಣ್ಣು ತುಸು ತೇವವಿರಲಿ ಸಾಕು, ಮಳೆ ಹಿಡಿಯುವ ಹೊತ್ತಿಗೆ ಏಳುತ್ತದೆ. ಗಟ್ಟಿಯಿದೆ, ಮೊನೆ ಇಲ್ಲ ಅಂದರೆ ಹೊರತೆಗೆದು ತೆಂಗಿನ ನಾರಿನ ಪುಡಿಯಲ್ಲಿ ತುದಿ ಕಾಣುವಂತೆ ಮಲಗಿಸಿ. ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ನೀರು ಒಸರಬಾರದು, ಅಷ್ಟೇ ತೇವ. ಬೆಚ್ಚಗಿನ ನೆರಳಲ್ಲಿ ಎರಡು ಮೂರು ವಾರ ಕಾದು, ಮೊನೆ ಅಕ್ಕಿಕಾಳಿನಷ್ಟು ಬಂದಾಗಲೇ ನೆಡಿ, ಹೆಚ್ಚು ಉದ್ದವಾದರೆ ಮುಟ್ಟಿದರೆ ಮುರಿಯುತ್ತದೆ. ಮೆತ್ತಗಾಗಿ ಹುಳಿ ವಾಸನೆ ಬಂದರೆ ಮಣ್ಣು ಸಮೇತ ಎಸೆಯಿರಿ, ಆ ಮಣ್ಣನ್ನು ಬೇರೆ ಗೆಡ್ಡೆ ಗಿಡಕ್ಕೆ ಹಾಕಬೇಡಿ.

ಕುಡಿ ಮುರಿದದ್ದನ್ನು ಎಸೆಯಬೇಡಿ. ಇನ್ನೊಂದು ತೋಳು ಇದ್ದರೆ ಅದರ ಕಣ್ಣು ಏಳಬಹುದು. ಮಣ್ಣಿನ ಮೇಲೆ ನಾಲ್ಕೈದು ಎಲೆ ಉಳಿದಿದ್ದರೂ ಅವು ಹೊಸ ಗೆಡ್ಡೆ ಕಟ್ಟುವ ಕೆಲಸ ಮಾಡುತ್ತವೆ, ಈ ವರ್ಷ ಹೂ ಸಿಗುವುದಿಲ್ಲ ಅಷ್ಟೇ. ಮೊಳೆತ ಮೇಲೆ ಕುಂಡ ಬದಲಿಸಲೇಬಾರದು, ಮೊದಲೇ ದೊಡ್ಡ ಕುಂಡ ಹಿಡಿಯಿರಿ.

ಕುಂಡ ಕನಿಷ್ಠ 12ರಿಂದ 14 ಇಂಚು ಅಗಲ, ಅಷ್ಟೇ ಆಳ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಬೇಡವೇ ಬೇಡ. ಗೆಡ್ಡೆಯನ್ನು ನಿಲ್ಲಿಸದೆ ಮಲಗಿಸಿ, ಎರಡರಿಂದ ಮೂರು ಇಂಚು ಮಣ್ಣು ಮುಚ್ಚಿ. ನೆಡುವ ಮುನ್ನ ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್ ಶಿಲೀಂಧ್ರನಾಶಕ ಕರಗಿಸಿದ ನೀರಲ್ಲಿ ಅರ್ಧ ಗಂಟೆ ಅದ್ದಿದರೆ ಒಳ್ಳೆಯದು. ರಾಸಾಯನಿಕ ಬೇಡ ಅನ್ನುವವರು ಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸಿ. ಎರಡನ್ನೂ ಒಟ್ಟಿಗೆ ಮಾಡಬೇಡಿ, ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಮೊದಲನೆಯದು ಎರಡನೆಯದನ್ನು ಕೊಂದುಬಿಡುತ್ತದೆ.

ಆಸರೆಯಲ್ಲೂ ಎಡವುತ್ತೇವೆ. ಈ ಬಳ್ಳಿಯ ಕಾಂಡ ಅವರೆಯ ಹಾಗೆ ಸುತ್ತಿಕೊಳ್ಳುವುದಿಲ್ಲ. ಎಲೆಯ ತುದಿಯೇ ಸುರುಳಿಯಾಗಿ ಕೊಕ್ಕೆ ಹಾಕುತ್ತದೆ, ಆ ಕೊಕ್ಕೆ ಪೆನ್ಸಿಲ್‌ಗಿಂತ ದಪ್ಪದ್ದನ್ನು ಹಿಡಿಯಲಾರದು. ದಪ್ಪ ಬಿದಿರು ಗಳ ನೆಟ್ಟು 'ಹತ್ತುತ್ತಿಲ್ಲ' ಅಂದರೆ ತಪ್ಪು ಬಳ್ಳಿಯದಲ್ಲ. ಸೆಣಬಿನ ಹುರಿ, ತೆಳು ತಂತಿಬಲೆ, ಬಂದ್ರೆ ಗಿಡದ ಒಣಕಡ್ಡಿ, ಯಾವುದಾದರೂ ಆಗುತ್ತದೆ. ಆರೇಳು ಅಡಿ ಎತ್ತರ ಬೇಕು, ಚೆನ್ನಾಗಿ ಬಂದರೆ ಹತ್ತಡಿಯೂ ದಾಟುತ್ತದೆ. ಆಸರೆಯನ್ನು ಗೆಡ್ಡೆ ಜೊತೆಗೇ ನೆಡಿ, ಆಮೇಲೆ ಕೋಲು ಚುಚ್ಚಲು ಹೋದರೆ ಗೆಡ್ಡೆಗೇ ತೂತು. ಬುಡ ನೆರಳಲ್ಲಿ, ತಲೆ ಬಿಸಿಲಲ್ಲಿ ಇರಬೇಕು. ಕುಂಡದ ಬಾಯಿಗೆ ಒಣ ತರಗು ಹೊದಿಸಿ.

ಮೊಳೆತು ಒಂದಡಿಯಾದ ಮೇಲೆ ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ ಸಾಕು. ಮೊಗ್ಗು ಕಂಡಾಗ ಪೊಟ್ಯಾಶ್ ಇರುವುದೇನಾದರೂ ಕೊಡಿ, ಸೌದೆ ಬೂದಿ ಒಂದೆರಡು ಚಮಚವಾದರೂ ಸರಿ. ಯೂರಿಯಾ ಸುರಿದರೆ ಕಾಂಡ ಮೆತ್ತಗೆ ಉದ್ದವಾಗಿ ಗಾಳಿಗೆ ಮುರಿಯುತ್ತದೆ, ಹೂ ಕಡಿಮೆ.

ಹುಳದ ವಿಷಯ: ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕೆಯ ಕಂಬಳಿಹುಳ ಗುಂಪಾಗಿ ಬರುತ್ತದೆ. ಲಿಲ್ಲಿ ಜಾತಿಯ ಗಿಡಗಳಿಗೆಂದೇ ಹುಟ್ಟಿದ ಹುಳ ಅದು, ಈ ಗಿಡದ ವಿಷ ಅದಕ್ಕೆ ತಟ್ಟುವುದಿಲ್ಲ. ಎರಡೇ ದಿನದಲ್ಲಿ ಬಳ್ಳಿ ಬೋಳು ಮಾಡುತ್ತದೆ. ನಾಲ್ಕಾರು ಗಿಡವಿದ್ದವರು ಬೆಳಿಗ್ಗೆ ಕೈಗವಸು ಹಾಕಿ ಆರಿಸಿ ಸೋಪಿನ ನೀರಿಗೆ ಹಾಕಿ. ಮರಿಹುಳ ಇರುವಾಗಲೇ ಲೀಟರಿಗೆ 5 ಮಿಲೀ ಬೇವಿನೆಣ್ಣೆ ಸಿಂಪಡಿಸಿದರೂ ನಡೆಯುತ್ತದೆ, ಬಲಿತ ಹುಳಕ್ಕೆ ನಾಟುವುದಿಲ್ಲ. ಮೋಡ ಕವಿದು ಮಳೆ ಹಿಡಿದಾಗ ಎಲೆಯಲ್ಲಿ ಕಂದು ಮಚ್ಚೆ ಬಂದರೆ ಅದು ಅಂಗಮಾರಿ. ಮಚ್ಚೆಯೆಲೆ ಕಿತ್ತು ಸುಡಿ, ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಹೊಡೆಯಿರಿ.

ಇನ್ನು ಪಕ್ಕದ ಮನೆಯ ಬಳ್ಳಿ. ಹೂವನ್ನು ಹತ್ತಿರದಿಂದ ನೋಡಿದರೆ ಉತ್ತರ ಅಲ್ಲೇ ಇದೆ. ಹೂ ತಲೆಕೆಳಗಾಗಿ ತೂಗುತ್ತದೆ, ಆರು ದಳ ಮೇಲಕ್ಕೆ ಮಡಚುತ್ತವೆ, ಆರು ಕೇಸರ ಸುತ್ತ ಚಾಚುತ್ತವೆ. ನಡುವಿನ ಹಸಿರು ಅಂಡಾಶಯದಿಂದ ಹೊರಡುವ ಶಲಾಕೆ (ಪರಾಗ ಹಿಡಿಯುವ ಹೆಣ್ಣು ಕಡ್ಡಿ) ಮಾತ್ರ ಬುಡದಲ್ಲೇ ಲಂಬಕೋನದಲ್ಲಿ ಪಕ್ಕಕ್ಕೆ ತಿರುಗಿ, ಸ್ವಂತ ಪರಾಗ ತಾಕದಂತೆ ದೂರ ನಿಲ್ಲುತ್ತದೆ. ಚಿಟ್ಟೆ, ಸೂರಕ್ಕಿ ಬರದ ತಾರಸಿಯಲ್ಲಿ ಕಾಯಿ ಹೇಗೆ ಕಟ್ಟೀತು? ಕೈಯಲ್ಲೇ ಮಾಡಿ. ಬೆಳಿಗ್ಗೆ 8ರಿಂದ 11ರೊಳಗೆ ಪುಡಿಬಿಟ್ಟ ಕೇಸರದ ತಲೆಯನ್ನು ಚಿಮುಟದಿಂದ ಕಿತ್ತು, ಇನ್ನೊಂದು ಗಿಡದ ಹೂವಿನ ಶಲಾಕೆಯ ಮೂರು ಸೀಳಿನ ತುದಿಗೆ ಸವರಿ. ಒಂದೇ ಗಿಡವಿದ್ದರೆ ಅದರದ್ದೇ ಬೇರೆ ಹೂವಾದರೂ ಸರಿ, ಎರಡು ಗಿಡದ ನಡುವೆ ಮಾಡಿದರೆ ಬೀಜ ಚೆನ್ನಾಗಿ ತುಂಬುತ್ತದೆ. ಹೂ ಅರಳಿದ ಮೊದಲ ಎರಡು ಮೂರು ದಿನ, ದಳದಲ್ಲಿ ಹಳದಿ ಇನ್ನೂ ಎದ್ದು ಕಾಣುವಾಗ ಮಾಡಬೇಕು. ಪೂರ್ತಿ ಕೆಂಪಾದ ಮೇಲೆ ನೋಡಲು ಚೆಂದ, ಬೀಜಕ್ಕೆ ಹೊತ್ತು ಮೀರಿರುತ್ತದೆ.

ಬೀಜದಿಂದ ಗಿಡ ಮಾಡಲು ತಾಳ್ಮೆ ಬೇಕು. ಬೀಜಕ್ಕೂ ತಿಂಗಳುಗಟ್ಟಲೆ ನಿದ್ದೆ, ಮೊಳೆತದ್ದು ಮೊದಲ ವರ್ಷ ಬಟಾಣಿಯಷ್ಟು ಗೆಡ್ಡೆ ಮಾಡಿ ಒಣಗುತ್ತದೆ, ಹೂವಿಗೆ ಮೂರು ನಾಲ್ಕು ವರ್ಷ.

ಹರಾರೆಯ ಗೆಡ್ಡೆ ಬೇಡ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಅಲ್ಲಿಯ ಸರ್ಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು, ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವಂತಿಲ್ಲ. ಕಾಗದಪತ್ರ ಸರಿಯಾದರೂ ಇನ್ನೊಂದು ತೊಡಕಿದೆ. ಜಿಂಬಾಬ್ವೆಯಲ್ಲಿ ಮಳೆ ನವೆಂಬರಿನಿಂದ ಮಾರ್ಚ್‌ವರೆಗೆ. ಅಲ್ಲಿಯ ಗೆಡ್ಡೆ ನಮ್ಮ ಜೂನಿನಲ್ಲಿ ಆಗಷ್ಟೇ ಮಲಗಿರುತ್ತದೆ, ಮುಂಗಾರಿಗೆ ನೆಟ್ಟರೆ ನಿಮ್ಮ ಫೆಬ್ರವರಿಯ ಕಥೆಯೇ ಮತ್ತೆ. ನಮ್ಮ ಕಾಡಿನಿಂದ ಅಗೆದು ತರುವುದೂ ಬೇಡ, ಹಾಗೆ ಅಗೆದೇ ಎಷ್ಟೋ ಕಡೆ ಇದು ಕಾಣೆಯಾಗುತ್ತಿದೆ.

ಅರ್ಧ ಎಕರೆ ಲೆಕ್ಕಕ್ಕೆ ಬರೋಣ. ಇದನ್ನು ದೊಡ್ಡದಾಗಿ ಬೆಳೆಯುವವರು ತಮಿಳುನಾಡಿನ ಕರೂರು, ದಿಂಡಿಗಲ್, ಧಾರಾಪುರಂ, ವೇದಾರಣ್ಯಂ ಕಡೆಯವರು, ಬೀಜದಿಂದ ತೆಗೆಯುವ ಕೋಲ್ಚಿಸಿನ್ ಎಂಬ ಔಷಧಿಯ ಅಂಶಕ್ಕಾಗಿ. ಹೆಕ್ಟೇರಿಗೆ ಸುಮಾರು 2,000 ಕಿಲೋ ಗೆಡ್ಡೆ ಬೇಕು, ಒಂದೊಂದೂ 50ರಿಂದ 60 ಗ್ರಾಂ ಇರಬೇಕು. ಅಂದರೆ ನಿಮಗೆ 400 ಕಿಲೋ. ಖರ್ಚೆಲ್ಲ ಇಲ್ಲೇ, ಜೊತೆಗೆ ತಂತಿ ಚಪ್ಪರ. ನೀರು ನಿಲ್ಲದ ಕೆಂಪು ಗೋಡು ಮಣ್ಣು ಆಗುತ್ತದೆ, ಎರೆಭೂಮಿ ಆಗದು. ನೆಟ್ಟ 160ರಿಂದ 180 ದಿನಕ್ಕೆ ಕೊಯ್ಲು. ಕಾಯಿಯ ಸಿಪ್ಪೆ ಸುಕ್ಕಾಗಿ, ಹಗುರಾಗಿ, ಒತ್ತಿದರೆ ಚಟ್ಟೆಂದಾಗ ಕಿತ್ತು ನೆರಳಲ್ಲಿ ವಾರ ಹತ್ತು ದಿನ ಒಣಗಿಸುತ್ತಾರೆ. ಬೆಳೆ ಚೆನ್ನಾದರೆ ಹೆಕ್ಟೇರಿಗೆ 200ರಿಂದ 250 ಕಿಲೋ ಬೀಜ, ನಿಮ್ಮ ಪಾಲಿಗೆ 40ರಿಂದ 50. ಅದೂ ಹೂವಿನ ಕಾಲದಲ್ಲಿ ದಿನಾ ಬೆಳಿಗ್ಗೆ ಹೂವಿಂದ ಹೂವಿಗೆ ಪರಾಗ ಮುಟ್ಟಿಸುವ ಆಳು ಸಿಕ್ಕರೆ. ಬೆಲೆ ವರ್ಷದಿಂದ ವರ್ಷಕ್ಕೆ ಜೋಕಾಲಿ ಆಡುತ್ತದೆ, ಎಪಿಎಂಸಿಗೆ ಒಯ್ದು ಮಾರುವ ಸರಕಲ್ಲ. ಕೊಳ್ಳುವವರ ಲಿಖಿತ ಒಪ್ಪಂದ ಕೈಗೆ ಬರುವವರೆಗೆ ಹತ್ತು ಕುಂಡ ದಾಟಬೇಡಿ.

ವಿಷದ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಬೀಜದಲ್ಲಿ ಕೋಲ್ಚಿಸಿನ್ ಸುಮಾರು ಶೇ 0.7. ಅಂದರೆ ಒಂದು ಗ್ರಾಂ ಬೀಜದಲ್ಲಿ 7 ಮಿಲಿಗ್ರಾಂ, ಗೌಟ್ ಕಾಯಿಲೆಗೆ ವೈದ್ಯರು ಅಳೆದು ಕೊಡುವ ಒಂದು ಮಾತ್ರೆಯಲ್ಲಿ ಅರ್ಧ ಮಿಲಿಗ್ರಾಂ. ಔಷಧಿ ಬಳ್ಳಿ ಎಂದು ಮನೆಯಲ್ಲಿ ಅರೆದು ಕುಡಿಯುವವರು ಈ ಲೆಕ್ಕ ನೋಡಲಿ. ಬೇಯಿಸಿದರೂ ವಿಷ ಹೋಗುವುದಿಲ್ಲ. ಹಾವು ಕಡಿತಕ್ಕೆ, ಸಂದುನೋವಿಗೆ ಎಂದು ಕೆಳಗೆ ಕಾಮೆಂಟಿನಲ್ಲಿ ಬರೆದವರು ದಯವಿಟ್ಟು ಅಳಿಸಿ. ಗರ್ಭಘಾತಿನಿ ಎಂಬ ಹೆಸರೂ ಇದಕ್ಕಿದೆ, ಬಸುರಿಯರು ಗೆಡ್ಡೆ ಮುಟ್ಟುವ ಕೆಲಸಕ್ಕೇ ಹೋಗಬಾರದು. ಗೆಡ್ಡೆ ನೋಡಲು ಗೆಣಸಿನಂತೆ ಇರುವುದರಿಂದ ತಿಂದು ಸತ್ತವರಿದ್ದಾರೆ. ತಿಂದ ಕೆಲವು ಗಂಟೆಗಳಲ್ಲಿ ವಾಂತಿ ಭೇದಿ ಶುರು, ಒಂದೆರಡು ದಿನದಲ್ಲಿ ಮೂತ್ರಪಿಂಡ, ಹೃದಯ, ರಕ್ತ ಎಲ್ಲಕ್ಕೂ ಪೆಟ್ಟು. ಮನೆಮದ್ದು ಮಾಡುತ್ತಾ ಕೂರದೆ ಗಿಡದ ತುಂಡಿನೊಂದಿಗೆ ದೊಡ್ಡ ಆಸ್ಪತ್ರೆಗೆ ಓಡಿ. ದನ, ಮೇಕೆ, ನಾಯಿ ಕಟ್ಟುವ ಜಾಗದಲ್ಲಿ ಹಬ್ಬಿಸಬೇಡಿ.

ನವೆಂಬರಿನಲ್ಲಿ ಎಲೆ ಹಳದಿಯಾದ ಕೂಡಲೇ ನೀರು ನಿಲ್ಲಿಸಿ. ಬಳ್ಳಿ ಪೂರ್ತಿ ಒಣಗಿದ ಮೇಲೆ ಕುಂಡವನ್ನೇ ಮಗುಚಿ ಗೆಡ್ಡೆ ತೆಗೆಯಿರಿ, ಎಳೆಯಬೇಡಿ, ತೊಳೆಯಬೇಡಿ. ಒಣ ಮರಳಿನ ಡಬ್ಬಿಯಲ್ಲಿಟ್ಟು 'ವಿಷ, ಗೌರಿ ಹೂ' ಎಂದು ದೊಡ್ಡದಾಗಿ ಬರೆದು, ಅಡುಗೆಮನೆಯಿಂದ ದೂರ, ಮಕ್ಕಳ ಕೈಗೆ ಸಿಗದಲ್ಲಿ ಇಡಿ. ಶುಂಠಿ, ಅರಿಶಿನ, ಗೆಣಸಿನ ಬುಟ್ಟಿಯ ಪಕ್ಕವಂತೂ ಬೇಡ. ಸದ್ಯಕ್ಕೆ ಆ ಮೂರು ಕುಂಡ ಕೆದಕಿ ಗೆಡ್ಡೆಯ ತುದಿಯ ಫೋಟೋ ಇಲ್ಲೇ ಹಾಕಿ, ಉಳಿಯುವುದು ಯಾವುದು, ಎಸೆಯುವುದು ಯಾವುದು ನೋಡಿ ಹೇಳುತ್ತೇನೆ.