ವಾಲಿ ಫೌಲರ್: ಗಾಯಕರೋ, ಟಿಕೆಟ್ ಮಾರಿದವರೋ?

ಮಾನ್ಯರೇ,

ಅಮೆರಿಕದ ಗಾಯನ ತಂಡ ಓಕ್ ರಿಡ್ಜ್ ಬಾಯ್ಸ್ ಕುರಿತ ನಮ್ಮ ಲೇಖನದಲ್ಲಿ ಅದರ ಸ್ಥಾಪಕ ವಾಲಿ ಫೌಲರ್ ಒಂದೇ ವಾಕ್ಯದಲ್ಲಿ ಮುಗಿದುಹೋದರೆಂದು ತಾವು ಬರೆದಿದ್ದೀರಿ. ದೇವರ ಹಾಡಿಗೆ ಟಿಕೆಟ್ ಇಟ್ಟವರನ್ನು ಗಾಯಕರೆನ್ನಬೇಕೋ ವ್ಯಾಪಾರಿಯೆನ್ನಬೇಕೋ, ತಾವೇ ಕಟ್ಟಿದ ತಂಡವನ್ನು ಅವರು ಕೈಬಿಟ್ಟದ್ದೇಕೆ ಎಂದೂ ಕೇಳಿದ್ದೀರಿ. ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ ಎಂಬುದು ನನ್ನ ಅಭಿಪ್ರಾಯ.

ಫೌಲರ್ ಹುಟ್ಟಿದ್ದು 1917ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಅಡೇರ್ಸ್‌ವಿಲ್‌ನಲ್ಲಿ. ಹರೆಯದಲ್ಲಿಯೇ ಜಾನ್ ಡೇನಿಯಲ್ ಕ್ವಾರ್ಟೆಟ್ (ಕ್ವಾರ್ಟೆಟ್ ಎಂದರೆ ನಾಲ್ವರ ಗಾಯನ ತಂಡ) ಸೇರಿ ಹಾಡಿದ ಅವರು, 1940ರ ದಶಕದಲ್ಲಿ ಟೆನೆಸಿಯ ನಾಕ್ಸ್‌ವಿಲ್ ರೇಡಿಯೊದಲ್ಲಿ 'ಜಾರ್ಜಿಯಾ ಕ್ಲಾಡ್‌ಹಾಪರ್ಸ್' ಎಂಬ ಸ್ವಂತ ತಂಡ ನಡೆಸುತ್ತಿದ್ದರು. ಅಲ್ಲಿಗೆ ಸಮೀಪದಲ್ಲೇ ಓಕ್ ರಿಡ್ಜ್ ಇತ್ತು. ಅಣುಬಾಂಬಿಗೆ ಬೇಕಾದ ಯುರೇನಿಯಂ ಸಂಸ್ಕರಣೆಗೆಂದು ಸೇನೆ ಕಟ್ಟಿದ, ಬೇಲಿ ಹಾಕಿ ಕಾವಲಿಟ್ಟ ಗುಪ್ತ ಪಟ್ಟಣವದು. ಯುದ್ಧಕಾಲದಲ್ಲಿ ಹೊರಗೆ ಸುತ್ತಾಡುವ ಸ್ವಾತಂತ್ರ್ಯವಿಲ್ಲದ ಅಲ್ಲಿನ ನೌಕರರ ಮನರಂಜನೆಗೆ ಫೌಲರ್ ತಂಡವನ್ನು ಕರೆಸುತ್ತಿದ್ದರು. ಜನ ಹೆಚ್ಚಾಗಿ ಕೇಳುತ್ತಿದ್ದದ್ದು ಗಾಸ್ಪೆಲ್ ಹಾಡುಗಳನ್ನೇ, ಅಂದರೆ ಕ್ರೈಸ್ತ ಭಕ್ತಿಗೀತೆಗಳನ್ನೇ. ಆದ್ದರಿಂದ 1945ರಲ್ಲಿ ಗಾಸ್ಪೆಲ್‌ಗೆಂದೇ ಅವರು ನಾಲ್ವರ ತಂಡ ಕಟ್ಟಿ, ಅದಕ್ಕೆ ಓಕ್ ರಿಡ್ಜ್ ಕ್ವಾರ್ಟೆಟ್ ಎಂದು ಹೆಸರಿಟ್ಟರು. ಇದೇ ಮುಂದೆ ಓಕ್ ರಿಡ್ಜ್ ಬಾಯ್ಸ್ ಆಯಿತು.

ಇನ್ನು ಟಿಕೆಟ್ಟಿನ ವಿಷಯ. ಫೌಲರ್‌ಗಿಂತ ಮೊದಲು ಅಮೆರಿಕದ ದಕ್ಷಿಣದ ರಾಜ್ಯಗಳ ಬಿಳಿಯರ ಕ್ವಾರ್ಟೆಟ್‌ಗಳನ್ನು ಸಾಕುತ್ತಿದ್ದವರು ಬಹುಮಟ್ಟಿಗೆ ಹಾಡಿನ ಪುಸ್ತಕಗಳ ಪ್ರಕಾಶಕರು. (ಕರಿಯರ ಕ್ವಾರ್ಟೆಟ್ ಪರಂಪರೆ ಬೇರೆ, ಅಷ್ಟೇ ಶ್ರೀಮಂತ; ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.) ಟೆನೆಸಿಯ ಲಾರೆನ್ಸ್‌ಬರ್ಗ್‌ನ ಜೇಮ್ಸ್ ಡಿ. ವಾನ್ 1910ರಲ್ಲೇ ಸಂಬಳ ಕೊಟ್ಟು ನಾಲ್ವರನ್ನು ಊರೂರಿಗೆ ಕಳುಹಿಸಿದ್ದರು. ಸ್ವರಗಳನ್ನು ತ್ರಿಕೋನ, ಚೌಕ, ವಜ್ರ ಮುಂತಾದ ಆಕಾರಗಳಿಂದ ಗುರುತಿಸಿದ ಆ ಪುಸ್ತಕಗಳಿಂದ ಹಾಡಿ ತೋರಿಸುವುದು, ಹಾಡು ಮುಗಿದ ಮೇಲೆ ಅದೇ ಪುಸ್ತಕವನ್ನು ಮಾರುವುದು ಅವರ ಕೆಲಸ. ಅಂದರೆ ದೇವರ ಹಾಡಿನಲ್ಲಿ ವ್ಯಾಪಾರವನ್ನು ಫೌಲರ್ ತಂದರೆನ್ನುವಂತಿಲ್ಲ. ಮಾರುವ ಸರಕನ್ನು ಅವರು ಬದಲಿಸಿದರು. ಪುಸ್ತಕದ ಜಾಗಕ್ಕೆ ಹಾಡುಗಾರಿಕೆಯೇ ಬಂತು.

1948ರ ನವೆಂಬರ್ 5, ಶುಕ್ರವಾರ, ನ್ಯಾಶ್‌ವಿಲ್‌ನ ರೈಮನ್ ಸಭಾಂಗಣದಲ್ಲಿ ಫೌಲರ್ ಟಿಕೆಟ್ ಇಟ್ಟು 'ಆಲ್ ನೈಟ್ ಸಿಂಗ್' (ರಾತ್ರಿಯಿಡೀ ಹಾಡು) ಏರ್ಪಡಿಸಿದರು. ಆಗ ಶನಿವಾರದ ರಾತ್ರಿ ಅಲ್ಲಿ 'ಗ್ರ್ಯಾಂಡ್ ಓಲ್ ಆಪ್ರಿ' ಎಂಬ ಕಂಟ್ರಿ ಸಂಗೀತದ (ಅಮೆರಿಕದ ಹಳ್ಳಿಗಾಡಿನ ಹಾಡುಗಳ) ರೇಡಿಯೊ ಕಾರ್ಯಕ್ರಮಕ್ಕೆ ಮೀಸಲಾಗಿತ್ತು. 1892ರಲ್ಲಿ ಪ್ರಾರ್ಥನಾ ಮಂದಿರವಾಗಿ ಬಾಗಿಲು ತೆರೆದ ಆ ಕಟ್ಟಡದಲ್ಲಿ ಪ್ರೇಕ್ಷಕರು ಕೂರುವುದು ಇಂದಿಗೂ ಚರ್ಚಿನ ಉದ್ದನೆಯ ಮರದ ಬೆಂಚುಗಳ ಮೇಲೆಯೇ. ಒಂದು ತಂಡ ಇಳಿದರೆ ಇನ್ನೊಂದು ಹತ್ತುತ್ತಾ ರಾತ್ರಿಯಿಡೀ ಹಾಡು ಸಾಗುತ್ತಿತ್ತು. ನಮ್ಮ ಕರಾವಳಿಯ ಯಕ್ಷಗಾನದ ಡೇರೆ ಮೇಳಗಳ ಟಿಕೆಟ್ ಆಟಕ್ಕೆ ಹೋದವರಿಗೆ ಈ ಏರ್ಪಾಡು ಹೊಸದೆನಿಸಲಾರದು. ರಾತ್ರಿಯಿಡೀ ಹಾಡುವ ಪದ್ಧತಿ ಫೌಲರ್ ಅವರ ಕಲ್ಪನೆಯಲ್ಲ, 1938ರಲ್ಲೇ ಡಲ್ಲಾಸ್‌ನಲ್ಲಿ ಹಾಡಿನ ಪುಸ್ತಕ ಪ್ರಕಾಶಕರಾದ ಸ್ಟ್ಯಾಂಪ್ಸ್ ಬಳಗ ಅಂಥದ್ದನ್ನು ನಡೆಸಿತ್ತು; ಆದರೆ ಅದನ್ನು ಊರಿಂದೂರಿಗೆ ಒಯ್ದು ಕಾಯಂ ಉದ್ಯಮವಾಗಿಸಿದ್ದು ಅವರೇ. ಅದರಿಂದಾಗಿ ಕ್ವಾರ್ಟೆಟ್ ಗಾಯಕರು ಪ್ರಕಾಶಕರ ಮುಖ ನೋಡದೆ ಹಾಡಿ ಬದುಕಬಹುದಾಯಿತು. ಇದು ಸಣ್ಣ ಸಾಧನೆಯಲ್ಲ.

ದನಿ ಗುರುತಿಸುವ ಕಿವಿಯೂ ಅವರಿಗಿತ್ತು. 1948ರಲ್ಲಿ ವರ್ಜೀನಿಯಾದ ವಿಂಚೆಸ್ಟರ್‌ಗೆ ಕಾರ್ಯಕ್ರಮಕ್ಕೆ ಹೋದಾಗ, ತನ್ನ ಹಾಡು ಕೇಳಿ ಎಂದು ಎದುರು ಬಂದು ನಿಂತ ಹದಿಹರೆಯದ ಹುಡುಗಿಗೆ ಅವಕಾಶ ಕೊಟ್ಟು, ನ್ಯಾಶ್‌ವಿಲ್‌ನಲ್ಲಿ ಧ್ವನಿಪರೀಕ್ಷೆಗೂ ದಾರಿ ಮಾಡಿಕೊಟ್ಟರು. ಆಕೆಯೇ ಮುಂದೆ ಕಂಟ್ರಿ ಗಾಯಕಿ ಪ್ಯಾಟ್ಸಿ ಕ್ಲೈನ್ ಎಂದು ಹೆಸರಾದರು.

ಆದರೆ ಹತ್ತಾರು ತಂಡಗಳನ್ನು ಒಂದೇ ವೇದಿಕೆಗೆ ಸೇರಿಸಬಲ್ಲವರಿಗೆ ತಮ್ಮ ತಂಡವನ್ನು ಒಗ್ಗೂಡಿಸಿಕೊಂಡಿರಲು ಆಗಲಿಲ್ಲ. 1949ರಲ್ಲಿ ಜೊತೆಗಾರ ಮೂವರೂ ಬಿಟ್ಟುಹೋದಾಗ, ಬೇರೊಂದು ತಂಡವನ್ನು ಇಡಿಯಾಗಿ ನೇಮಿಸಿಕೊಂಡು ಅದಕ್ಕೇ ಓಕ್ ರಿಡ್ಜ್ ಹೆಸರು ಕೊಟ್ಟರು. ಪ್ರದರ್ಶನದ ಸಂಘಟಕನಿಗೆ ಹೊಳೆಯುವ ಪರಿಹಾರವಿದು; ವರ್ಷಗಟ್ಟಲೆ ದನಿಗೆ ದನಿ ಹೊಂದಿಸಿಕೊಂಡು ಹಾಡಿದವರಿಗೆ ಹೊಳೆಯುವಂಥದ್ದಲ್ಲ. ತಂಡವೆಂದರೆ ಅವರಿಗೆ ಭಿತ್ತಿಪತ್ರದ ಮೇಲಿನ ಹೆಸರಾಗಿಬಿಟ್ಟಿತ್ತು ಎಂದೇ ನಾನು ಭಾವಿಸುತ್ತೇನೆ. ಕೊನೆಗೆ 1957ರಲ್ಲಿ ತಂಡದ ಗಾಯಕ ಸ್ಮಿಟಿ ಗ್ಯಾಟ್ಲಿನ್ ಅವರಿಗೆ ಕೊಡಬೇಕಿದ್ದ ಸಾಲದ ಬಾಬ್ತು ಆ ಹೆಸರಿನ ಹಕ್ಕನ್ನೇ ಬಿಟ್ಟುಕೊಟ್ಟರು.

ಫೌಲರ್ ನಿಧನರಾದದ್ದು 1994ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲು ಗಾಸ್ಪೆಲ್ ಮ್ಯೂಸಿಕ್ ಹಾಲ್ ಆಫ್ ಫೇಮ್ ಅವರನ್ನು ಗೌರವಿಸಿತ್ತು. ಅವರು ಬಿಟ್ಟುಕೊಟ್ಟ ಹೆಸರು 1981ರಲ್ಲಿ ಅಮೆರಿಕದ ಕಂಟ್ರಿ ಹಾಡುಗಳ ಜನಪ್ರಿಯತಾ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು ಗಾಸ್ಪೆಲ್ ಹಾಡಿನಿಂದಲ್ಲ, 'ಎಲ್ವೈರಾ' ಎಂಬ ಪ್ರೇಮಗೀತೆಯಿಂದ.

– ಸಂಪಾದಕ